ಕಿಟ್ಟೆಲ್ ಮಹಾಶಯರೂ ನಮ್ಮ ಕ್ರಿಯಾಪದಗಳೂ

ಕನ್ನಡಕ್ಕಾಗಿ ದುಡಿದ ಮಹನೀಯರಲ್ಲಿ ಬಹುಮಂದಿ ಕನ್ನಡ ನಾಡಿನಲ್ಲಿಯೇ ಹುಟ್ಟಿ ಬೆಳೆದವರು. ಇನ್ನು ಕೆಲವರು ದೂರದೇಶದಿಂದ ಬಂದವರು. ತಾಯಿಯ ಮಡಿಲಿನಲ್ಲಿ ಕೇಳದ ನುಡಿಯನ್ನು ಪ್ರಾಯದಲ್ಲಿ ಕಲಿತು, ಅದರ ಸೇವೆಯಲ್ಲಿಯೇ ತಲೆ ನರೆಸಿಕೊಂಡವರು. ಈ ಎರಡನೆಯ ಪಂಗಡದಲ್ಲಿ ಮೊದಲು ನೆನೆಯಬೇಕಾದ ಹೆಸರು ಡಾಕ್ಟರ್ ಫರ್ಡಿನಂಡ್ ಕಿಟ್ಟೆಲ್ ಅವರದು. ಕಿಟ್ಟೆಲ್ ಎಂದೊಡನೆ ನಮಗೆ ಅವರ ದೊಡ್ಡ ನಿಘಂಟು ನೆನಪಾಗುತ್ತದೆ. ಆದರೆ ಅವರು ತಮ್ಮ ಬಾಳಿನ ಕೊನೆಯ ವರ್ಷದಲ್ಲಿ ನಮ್ಮ ಕೈಗಿತ್ತು ಹೋದುದು ಒಂದು ಕನ್ನಡ ವ್ಯಾಕರಣವನ್ನು ಎಂಬುದು ಎಲ್ಲರಿಗೂ ತಿಳಿದಿರಲಾರದು.

ವಿದ್ಯಾರ್ಥಿಗಳೇ, ವ್ಯಾಕರಣದ ಪಾಠದಲ್ಲಿ ಮುಖ್ಯ ಕ್ರಿಯಾಪದ, ಸಹಾಯಕ ಕ್ರಿಯಾಪದ ಎಂಬ ಮಾತುಗಳು ಬಂದಾಗ ನಿಮ್ಮಲ್ಲಿ ಕೆಲವರ ಮುಖ ಬಾಡುವುದುಂಟು. ಆಡಲು ಬರುವ ಭಾಷೆಯನ್ನು ಹೀಗೆ ತುಂಡು ತುಂಡಾಗಿ ಬಿಡಿಸಿ ನೋಡುವುದೇಕೆ ಎಂಬ ಸಂದೇಹ ನಿಮ್ಮದು. ಆ ಸಂದೇಹಕ್ಕೆ ಕಿಟ್ಟೆಲ್ಲರ ಜೀವನಕ್ಕಿಂತ ಒಳ್ಳೆಯ ಉತ್ತರ ನನಗೆ ತೋರದು.

ಕಿಟ್ಟೆಲ್ ಅವರು 1832ನೆಯ ಇಸವಿ ಏಪ್ರಿಲ್ 7ರಂದು ಜರ್ಮನಿಯ ವಾಯವ್ಯ ಮೂಲೆಯಲ್ಲಿರುವ ಪೂರ್ವ ಫ್ರೀಸಿಯಾ ಪ್ರಾಂತದ ರೆಸ್ಟರ್‌ಹಾಫೆ ಎಂಬಲ್ಲಿ ಜನಿಸಿದರು. ತಂದೆ ಕ್ರೈಸ್ತ ಪಾದ್ರಿಗಳು. ಅದೇ 1832ರಲ್ಲಿ ಮದ್ರಾಸಿನಲ್ಲಿ ವಿಲಿಯಂ ರೀವ್ ಎಂಬವರ ಕನ್ನಡ–ಇಂಗ್ಲಿಷ್ ನಿಘಂಟು ಅಚ್ಚಾಯಿತು. ಅರುವತ್ತೆರಡು ವರ್ಷಗಳ ಅನಂತರ ಆ ನಿಘಂಟನ್ನು ಹಿಂದಿಕ್ಕುವ ಗ್ರಂಥವನ್ನು ರಚಿಸಲಿರುವ ಶಿಶುವು ಅದೇ ವರ್ಷ ಸಮುದ್ರಗಳಾಚೆ ತೊಟ್ಟಿಲಲ್ಲಿತ್ತು. ಬಾಲಕ ಕಿಟ್ಟೆಲ್ ಶಾಲೆಯಲ್ಲಿ ಲ್ಯಾಟಿನ್, ಗ್ರೀಕ್, ಹೀಬ್ರೂ ಮುಂತಾದ ಭಾಷೆಗಳನ್ನು ಕಲಿತನು. ಭಾಷೆಗಳಲ್ಲಿ ಅವನಿಗೆ ಸಹಜವಾದ ಒಲವಿತ್ತು. 1850ರಲ್ಲಿ, ಹದಿನೆಂಟನೆಯ ವಯಸ್ಸಿನಲ್ಲಿ, ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ಮಿಶನ್ ವಿದ್ಯಾಲಯವನ್ನು ಸೇರಿದನು.

ಮೂರು ವರ್ಷಗಳ ಶಿಕ್ಷಣ ಮುಗಿದ ಮೇಲೆ ಮಿಶನ್ನಿನವರು ಆ ತರುಣನನ್ನು 1853ರಲ್ಲಿ ಹಿಂದೂಸ್ಥಾನಕ್ಕೆ ಕಳುಹಿಸಿದರು. ಆ ವರ್ಷವು ಠಾಣೆ, ಡೊಂಬಿವಲಿ, ಕಲ್ಯಾಣದ ಮಕ್ಕಳಾದ ನಿಮಗೆ ಇನ್ನೊಂದು ಕಾರಣದಿಂದ ಚಿರಪರಿಚಿತ. 1853ನೆಯ ಏಪ್ರಿಲ್ 16ರಂದು ಮುಂಬಯಿಯಿಂದ ಠಾಣೆಗೆ ನಮ್ಮ ದೇಶದ ಮೊದಲ ಪ್ರಯಾಣಿಕರ ರೈಲುಗಾಡಿ ಓಡಿತು; ಮರುವರ್ಷ ಹಳಿಗಳು ಕಲ್ಯಾಣವನ್ನು ಮುಟ್ಟಿದವು. ಕನ್ನಡ ನಾಡಿಗಾದರೋ ಆಗ ರೈಲಿರಲಿಲ್ಲ. ಎತ್ತಿನ ಗಾಡಿ, ಕುದುರೆ, ಇಲ್ಲವೆ ಸ್ವಂತ ಕಾಲು. ಇವೇ ಅಲ್ಲಿನ ಪ್ರಯಾಣ ಸಾಧನಗಳು.

ಬಾಸೆಲ್ ಮಿಶನ್ 1834ರಲ್ಲಿಯೇ ಮಂಗಳೂರಿಗೆ ಬಂದು ನೆಲೆಯೂರಿತ್ತು. ಅಲ್ಲಿ ಮುದ್ರಣಾಲಯ ತೆರೆದಿತ್ತು. ಕಿಟ್ಟೆಲ್ಲರಿಗಿಂತ ಹಿರಿಯರಾದ ಹೆರ್ಮನ್ ಮೋಗ್ಲಿಂಗ್ ಅವರು 1843ರಲ್ಲಿ ಕನ್ನಡದ ಮೊದಲ ಪತ್ರಿಕೆಯಾದ ಮಂಗಳೂರ ಸಮಾಚಾರವನ್ನು ಹೊರಡಿಸಿ ಕೀರ್ತಿವಂತರಾಗಿದ್ದರು. ಹೊಸಬರಾದ ಕಿಟ್ಟೆಲ್ ಧಾರವಾಡ ಸೀಮೆಯಲ್ಲಿ ಕನ್ನಡ ಕಲಿಯತೊಡಗಿದರು. ಆ ಧಾರವಾಡವು ಆಗ ಮುಂಬಯಿ ಆಧಿಪತ್ಯಕ್ಕೆ ಸೇರಿತ್ತು. 1956ರ ನವೆಂಬರ್ 1ರಂದು ಕನ್ನಡ ಪ್ರದೇಶಗಳು ಒಂದಾಗುವವರೆಗೂ ಧಾರವಾಡದವರಿಗೆ ರಾಜಧಾನಿಯೆಂದರೆ ಮುಂಬಯಿಯೇ. ಹೀಗಾಗಿ ಕಿಟ್ಟೆಲ್ಲರು ಕನ್ನಡದ ಅಕ್ಷರಾಭ್ಯಾಸ ಮಾಡಿದುದು, ಒಂದು ಅರ್ಥದಲ್ಲಿ, ನಾವಿರುವ ಈ ನಗರದ ಆಡಳಿತದ ನೆರಳಿನಲ್ಲಿಯೇ.

ಕಲಿಕೆಯೆಂದರೆ ಪುಸ್ತಕವನ್ನು ಓದುವುದಷ್ಟೇ ಎಂದು ಅವರು ತಿಳಿಯಲಿಲ್ಲ. ಹಳ್ಳಿಗಳಲ್ಲಿ ತಿರುಗಿ ಜನರ ಮಾತಿಗೆ ಕಿವಿಗೊಟ್ಟರು. ಗಾದೆಗಳನ್ನು ಗುರುತು ಮಾಡಿಕೊಂಡರು. ಗಿಡಮರಗಳ, ಉಪಕರಣಗಳ, ಉಡಿಗೆ ತೊಡಿಗೆಗಳ ಹೆಸರುಗಳನ್ನು ಕೇಳಿ ತಿಳಿದರು. ಬಿಳಿಯರು ತಮ್ಮ ಬಂಗಲೆಗಳಲ್ಲಿ ಪ್ರತ್ಯೇಕವಾಗಿ ಬಾಳುತ್ತಿದ್ದ ಕಾಲವದು. ಕನ್ನಡಿಗರಿಗೆ ಧರ್ಮವನ್ನು ಹೇಳಬೇಕಾದರೆ ಕನ್ನಡಿಗರ ನಡುವೆ ಅವರಂತೆಯೇ ಬಾಳಬೇಕೆಂದು ಈ ತರುಣನು ನಂಬಿದುದು ಸಂಸ್ಥೆಯ ಹಿರಿಯರಲ್ಲಿ ಕೆಲವರಿಗೆ ಹಿಡಿಸಲಿಲ್ಲ. ಮತಪ್ರಚಾರಕನಾಗಿ ಬಂದವನು ಹಳೆಯ ಓಲೆಗರಿಗಳಲ್ಲಿ ಮುಳುಗುವುದೂ ಅವರಿಗೆ ಸರಿಕಾಣಲಿಲ್ಲ. ಕಿಟ್ಟೆಲ್ಲರು ಮಾತ್ರ ತಾವು ಹಿಡಿದ ಹಾದಿಯನ್ನು ಬಿಡಲಿಲ್ಲ.

ಪರದೇಶದಿಂದ ಬಂದವನಿಗೆ ಕನ್ನಡದ ಕ್ರಿಯಾಪದವು ಎಷ್ಟು ಕಠಿನವೆಂಬುದನ್ನು ಇಲ್ಲಿ ಸ್ವಲ್ಪ ವಿಚಾರಿಸೋಣ. ಜರ್ಮನ್ ಭಾಷೆಯಲ್ಲಿಯೂ ಸಹಾಯಕ ಕ್ರಿಯಾಪದಗಳುಂಟು. ಆದರೆ ಅಲ್ಲಿ ಸಾಧಾರಣ ವಾಕ್ಯದಲ್ಲಿ ಸಹಾಯಕವು ಮುಂದೆ ಬರುತ್ತದೆ. ಮುಖ್ಯ ಕ್ರಿಯೆಯು ವಾಕ್ಯದ ತುದಿಯಲ್ಲಿ ನಿಲ್ಲುತ್ತದೆ. ಕನ್ನಡದಲ್ಲಿ ಕ್ರಮವು ತಿರುಗುಮುರುಗು. ಮುಖ್ಯ ಕ್ರಿಯೆ ಮೊದಲು, ಸಹಾಯಕವು ಕೊನೆಗೆ. ಓದಿದಳು ಎಂಬಲ್ಲಿ ಓದು ಎಂಬ ಧಾತುವೊಂದೇ ಇದೆ. ಓದಿದ್ದಾಳೆ ಎಂಬುದನ್ನು ಬಿಡಿಸಿದರೆ ಓದಿ, ಇದ್ದಾಳೆ ಎಂಬ ಎರಡು ಪದಗಳು ದೊರೆಯುತ್ತವೆ. ಓದುತ್ತಿದ್ದಾಳೆ ಎಂಬಲ್ಲಿ ಓದುತ್ತ, ಇದ್ದಾಳೆ. ಓದಿಕೊಂಡಿದ್ದಳು ಎಂಬಲ್ಲಿ ಓದಿ, ಕೊಂಡು, ಇದ್ದಳು ಎಂದು ಮೂರು! ಓದು ಎಂಬುದು ಮುಖ್ಯ ಕ್ರಿಯೆ. ನಡೆದ ಕಾರ್ಯವೇನೆಂಬುದನ್ನು ಅದು ತಿಳಿಸುತ್ತದೆ. ಆದರೆ ಮುಖ್ಯವಾದ ಆ ಪದವು ಓದಿ ಎಂಬ ಕೃದಂತಾವ್ಯಯದ ರೂಪದಲ್ಲಿ ಅಲುಗಾಡದೆ ನಿಂತಿರುತ್ತದೆ. ಕಾಲ, ಲಿಂಗ, ವಚನ, ಪುರುಷ ಎಂಬ ಎಲ್ಲ ಹೊರೆಯನ್ನೂ ಹೊರುವುದು ಕೊನೆಯಲ್ಲಿ ನಿಂತ ಸಹಾಯಕವೇ. ಓದಿದ್ದೇನೆ, ಓದಿದ್ದೀಯೆ, ಓದಿದ್ದಾರೆ ಎಂದು ಹೇಳಿ ನೋಡಿರಿ: ಬದಲಾದುದು ಯಾವ ಪದವೆಂಬುದು ತಾನಾಗಿಯೇ ತಿಳಿಯುತ್ತದೆ. ಬೇಕು, ಬಹುದು, ಇಲ್ಲ ಎಂಬಂಥ ಕೆಲವು ಪದಗಳು ಮಾತ್ರ ಈ ನಿಯಮಕ್ಕೆ ಹೊರಗು. ನಾನು ಓದಬೇಕು, ಅವರು ಓದಬೇಕು. ನಾನು ಓದಲಿಲ್ಲ, ಅವರು ಓದಲಿಲ್ಲ. ಯಾರು ಕರ್ತೃವಾದರೂ ಇವು ಒಂದೇ ರೂಪದಲ್ಲಿರುತ್ತವೆ.

ಇದಕ್ಕಿಂತಲೂ ಸೂಕ್ಷ್ಮವಾದ ಇನ್ನೊಂದು ಸಂಗತಿಯುಂಟು. ಸಹಾಯಕಗಳಾಗುವ ಪದಗಳಲ್ಲಿ ಬಹಳಷ್ಟು ಬೇರೆಡೆಯಲ್ಲಿ ತಾವೇ ಮುಖ್ಯ ಕ್ರಿಯೆಗಳು. ಕೊಳ್ಳು ಎಂದರೆ ಬೆಲೆ ಕೊಟ್ಟು ತೆಗೆದುಕೊಳ್ಳುವುದು. ಬಿಡು ಎಂದರೆ ಹಿಡಿದುದನ್ನು ಸಡಿಲಿಸುವುದು. ನೋಡು ಎಂದರೆ ಕಣ್ಣಿನಿಂದ ಕಾಣುವುದು. ಹಾಕು, ಕೊಡು, ಹೋಗು ಇವುಗಳ ಅರ್ಥ ನಿಮಗೆ ಗೊತ್ತೇ ಇದೆ. ಮತ್ತೊಂದು ಕ್ರಿಯೆಯ ಬೆನ್ನಿಗೆ ನಿಂತೊಡನೆ ಇವು ತಮ್ಮ ಮೂಲಾರ್ಥವನ್ನು ಬಹುಮಟ್ಟಿಗೆ ತ್ಯಜಿಸಿ, ಮುಂದಿನ ಪದಕ್ಕೆ ಒಂದು ಬಣ್ಣವನ್ನು ಕೊಡುತ್ತವೆ. ಬರೆದುಕೋ ಎಂದರೆ ನಿನ್ನ ಉಪಯೋಗಕ್ಕಾಗಿ ಬರೆ. ಬರೆದುಕೊಡು ಎಂದರೆ ಇನ್ನೊಬ್ಬರ ಉಪಯೋಗಕ್ಕಾಗಿ. ಬರೆದುಬಿಡು ಎಂದರೆ ತಡಮಾಡದೆ ಮುಗಿಸು. ಬರೆದು ನೋಡು ಎಂದರೆ ಪ್ರಯತ್ನಿಸು. ನಿಲ್ದಾಣದಲ್ಲಿ ನಿಂತವನು ಗಾಡಿ ಹೋಯಿತು ಎಂದರೆ ಅದು ಬರಿಯ ಸುದ್ದಿ. ಗಾಡಿ ಹೋಗಿಬಿಟ್ಟಿತು ಎಂದರೆ ಅದರಲ್ಲಿ ಅವನ ನಿರಾಶೆಯೂ ಸೇರಿದೆ. ಆ ನಿರಾಶೆಯನ್ನು ತಂದ ಪದ ಬಿಡು.

ಎಲ್ಲಿ ಈ ಪದಗಳು ಸಹಾಯಕ, ಎಲ್ಲಿ ಮುಖ್ಯ ಎಂಬುದನ್ನು ಗುರುತಿಸದಿದ್ದರೆ ಅರ್ಥವೇ ಕೆಡುತ್ತದೆ. ಹುಡುಗನು ಹಕ್ಕಿಯನ್ನು ಹಿಡಿದು ಬಿಟ್ಟನು ಎಂದು ಬಿಡಿಸಿ ಬರೆದರೆ, ಅವನು ಅದನ್ನು ಹಿಡಿದನು, ಬಳಿಕ ಹಾರಲು ಬಿಟ್ಟನು ಎಂದಾಗಬಹುದು. ಹಿಡಿದುಬಿಟ್ಟನು ಎಂದು ಕೂಡಿಸಿ ಬರೆದರೆ ಹಕ್ಕಿಯು ಅವನ ಕೈಯಲ್ಲಿಯೇ ಸೆರೆಯಾಗಿದೆ. ಸೀರೆಯನ್ನು ನೋಡಿ ಕೊಂಡಳು ಎಂದರೆ ಪರೀಕ್ಷಿಸಿ ಖರೀದಿಸಿದಳು. ಮಗುವನ್ನು ನೋಡಿಕೊಂಡಳು ಎಂದರೆ ಆರೈಕೆ ಮಾಡಿದಳು. ಆದುದರಿಂದ ಎರಡು ಕ್ರಿಯಾರೂಪಗಳು ಜೊತೆಯಾಗಿ ಬಂದಾಗ ಎರಡನೆಯದು ತನ್ನ ಸ್ವಂತ ಅರ್ಥವನ್ನು ಉಳಿಸಿಕೊಂಡಿದೆಯೇ ಎಂದು ಕೇಳಿ ನೋಡಬೇಕು. ಉಳಿಸಿಕೊಂಡಿದ್ದರೆ ಅದೂ ಒಂದು ಮುಖ್ಯ ಕ್ರಿಯೆ, ಇಲ್ಲವಾದರೆ ಸಹಾಯಕ. ನಿಘಂಟು ಬರೆಯುವವನಂತೂ ಈ ಪ್ರಶ್ನೆಯನ್ನು ಪ್ರತಿಯೊಂದು ಧಾತುವಿನ ಮುಂದೆಯೂ ಕೇಳಲೇಬೇಕು. ಕೊಳ್ಳು, ಬಿಡು, ಇರು, ಆಗು ಇಂಥ ಪುಟ್ಟ ಪದಗಳಿಗೆ ಅರ್ಥ ಬರೆಯುವುದು ಆನೆ, ಕುದುರೆಗಳಿಗೆ ಅರ್ಥ ಬರೆಯುವಷ್ಟು ಸುಲಭವಲ್ಲ.

ಇನ್ನು ಕಥೆಗೆ ಬರೋಣ. ಕಿಟ್ಟೆಲ್ಲರು ಮಂಗಳೂರಿಗೆ ಬಂದು ಮಿಶನ್ನಿನ ಗ್ರಂಥಗಳ ಕೆಲಸದಲ್ಲಿ ತೊಡಗಿದರು. 1860ರಲ್ಲಿ ಪೌಲಿನೆ ಎಂಬ ಕನ್ಯೆಯನ್ನು ವಿವಾಹವಾದರು. 1862ರಲ್ಲಿ ಯೇಸುವಿನ ಚರಿತ್ರೆಯನ್ನು ಕನ್ನಡದ ಛಂದಸ್ಸಿನಲ್ಲಿ ಹೇಳಿದ ಅವರ ಕಥಾಮಾಲೆಯು ಪ್ರಕಟವಾಯಿತು. ಕನ್ನಡ ನಾಡಿಗೆ ಬಂದು ಹತ್ತು ವರ್ಷ ತುಂಬುವ ಮೊದಲೇ ಒಬ್ಬ ಜರ್ಮನನು ಕನ್ನಡದಲ್ಲಿ ಪದ್ಯಕಟ್ಟಿದನೆಂದರೆ ಆ ಶ್ರಮವನ್ನು ಊಹಿಸಿಕೊಳ್ಳಿರಿ. ಶಾಲೆಗಳ ಮಕ್ಕಳಿಗಾಗಿ ಹಳೆಯ ಕಾವ್ಯಗಳಿಂದ ಪದ್ಯಗಳನ್ನು ಆಯ್ದು ಒಂದು ಸಂಗ್ರಹವನ್ನೂ ಅವರು ಸಿದ್ಧಗೊಳಿಸಿದರು. ಆದರೆ ಸುಖವು ಬಹುಕಾಲ ನಿಲ್ಲಲಿಲ್ಲ. 1864ರಲ್ಲಿ ಪತ್ನಿಯು ತೀರಿಕೊಂಡಳು. ಕಿಟ್ಟೆಲ್ಲರು ಕೆಲಕಾಲ ಸ್ವದೇಶಕ್ಕೆ ಹಿಂದಿರುಗಿದರು. ಮುಂದೆ ಆಕೆಯ ತಂಗಿಯಾದ ಯೂಲಿಯೆಯನ್ನು ಲಗ್ನವಾಗಿ ಮತ್ತೆ ಕನ್ನಡ ನಾಡಿಗೆ ಬಂದರು. ಮಂಗಳೂರು, ಮಡಿಕೇರಿಗಳಲ್ಲಿ ಅವರ ಕೆಲಸ ಮುಂದುವರಿಯಿತು.

ಕನ್ನಡವನ್ನು ಬೇರಿನಿಂದ ತಿಳಿಯಬೇಕೆಂಬ ಹಂಬಲವು ಅವರನ್ನು ಕೇಶಿರಾಜನ ಬಳಿಗೆ ಕರೆದೊಯ್ದಿತು. ಕೇಶಿರಾಜನು ಹದಿಮೂರನೆಯ ಶತಮಾನದ ವೈಯಾಕರಣ. ಕವಿ ಜನ್ನನ ಸೋದರಳಿಯ. ಅವನ ಶಬ್ದಮಣಿದರ್ಪಣವು ಹಳಗನ್ನಡದ ನಿಯಮಗಳನ್ನು ಕಂದಪದ್ಯಗಳಲ್ಲಿ ಹೇಳುವ ಗ್ರಂಥ. ಅದರಲ್ಲಿ ಕ್ರಿಯಾಪದಗಳಿಗಾಗಿ ಆಖ್ಯಾತ ಪ್ರಕರಣವೆಂಬ ಭಾಗವಿದೆ. ಧಾತುಗಳಿಗೂ ಒಂದು ಪ್ರತ್ಯೇಕ ಪ್ರಕರಣವಿದೆ. ಕಿಟ್ಟೆಲ್ಲರು ಈ ಗ್ರಂಥವನ್ನು ಪರಿಷ್ಕರಿಸಿ 1872ರಲ್ಲಿ ಮಂಗಳೂರಿನಲ್ಲಿ ಅಚ್ಚು ಹಾಕಿಸಿದರು. 1875ರಲ್ಲಿ ನಾಗವರ್ಮನ ಛಂದೋಂಬುಧಿಯನ್ನು ಪ್ರಕಟಿಸಿದರು. ಓಲೆಗರಿಗಳಲ್ಲಿದ್ದ ನಮ್ಮ ಪೂರ್ವಿಕರ ಶಾಸ್ತ್ರವು ಹೀಗೆ ಮುದ್ರಿತ ಪುಸ್ತಕವಾಗಿ ಓದುಗರ ಕೈಸೇರಿತು.

ಹಳಗನ್ನಡದ ಪರಿಚಯದಿಂದ ಸಹಾಯಕ ಕ್ರಿಯಾಪದಗಳ ವಿಷಯದಲ್ಲಿ ಎಂಥ ಬೆಳಕು ದೊರೆಯುತ್ತದೆ ಎಂಬುದಕ್ಕೆ ಎರಡು ನಿದರ್ಶನಗಳನ್ನು ಕೊಡುತ್ತೇನೆ. ನಾವು ದಿನವೂ ಬಳಸುವ ಬೇಕು ಎಂಬ ಪದದ ಹಳೆಯ ರೂಪ ವೇಳ್ಕುಂ. ಮಾಡಲ್ವೇಳ್ಕುಂ ಎಂಬುದೇ ಸವೆದು ಸವೆದು ಇಂದಿನ ಮಾಡಬೇಕು ಎಂಬುದಾಗಿದೆ. ಇನ್ನೊಂದು ಇದಕ್ಕಿಂತ ಸ್ವಾರಸ್ಯವಾದುದು. ಹಳಗನ್ನಡದಲ್ಲಿ ಮಾಡುತ್ತಾನೆ ಎಂಬುದಕ್ಕೆ ಮಾಡಿದಪಂ ಎನ್ನುತ್ತಿದ್ದರು. ದಪ ಎಂಬುದು ವರ್ತಮಾನಕಾಲದ ಪ್ರತ್ಯಯವೆಂದು ಕೇಶಿರಾಜನು ವಿಧಿಸಿದನು. ಅನಂತರದ ವಿದ್ವಾಂಸರು ಅದನ್ನು ಬಿಡಿಸಿ ನೋಡಿದಾಗ ಅದರೊಳಗೆ ಆಗು ಧಾತುವಿನ ಅಪ ಎಂಬ ರೂಪವು ಅಡಗಿರುವುದು ಕಂಡಿತು. ಅಂದರೆ, ಒಮ್ಮೆ ಬೇರೆ ಪದವಾಗಿ ನಿಂತು ಸಹಾಯ ಮಾಡುತ್ತಿದ್ದುದು ಕಾಲಕ್ರಮದಲ್ಲಿ ಮುಖ್ಯ ಪದದೊಳಗೆ ಕರಗಿ ಪ್ರತ್ಯಯವಾಯಿತು. ಇಂದಿನ ಸಹಾಯಕ ಕ್ರಿಯಾಪದವೇ ನಾಳಿನ ಪ್ರತ್ಯಯ. ನಾವು ಅವಸರದಲ್ಲಿ ಮಾಡಿಕೊಂಡು ಎಂಬುದನ್ನು ಮಾಡ್ಕೊಂಡು ಎನ್ನುವಾಗಲೂ ಇದೇ ಕೆಲಸ ನಮ್ಮ ನಾಲಗೆಯ ಮೇಲೆ ನಡೆಯುತ್ತಿದೆ.

ಅತ್ತ ನಿಘಂಟಿನ ಕಾರ್ಯವು ಆರಂಭವಾಗಿತ್ತು. ರೀವ್ ಅವರ ಕೋಶವನ್ನು 1858ರಲ್ಲಿ ಸ್ಯಾಂಡರ್ಸನ್ ಎಂಬವರು ತಿದ್ದಿ ಹೆಚ್ಚಿಸಿ ಬೆಂಗಳೂರಿನಲ್ಲಿ ಪ್ರಕಟಿಸಿದ್ದರೂ ಹಳಗನ್ನಡದ ಪದಗಳಿಗೆ, ಹಳ್ಳಿಯವರ ಪದಗಳಿಗೆ ಅದು ಸಾಲುತ್ತಿರಲಿಲ್ಲ. ಕಿಟ್ಟೆಲ್ಲರು ಸುಮಾರು ಎರಡು ದಶಕಗಳ ಕಾಲ ಒಂದೊಂದೇ ಪದವನ್ನು ಕೂಡಿಹಾಕಿದರು. ಅದು ಬಂದ ಕಾವ್ಯ, ಬಳಸಿದ ಗಾದೆ, ತಮಿಳು, ತೆಲುಗು, ಮಲೆಯಾಳ, ತುಳು ಭಾಷೆಗಳಲ್ಲಿ ಅದರ ಬಂಧುಪದ, ಸಂಸ್ಕೃತದೊಡನೆ ಅದರ ಸಂಬಂಧ, ಇವೆಲ್ಲವನ್ನೂ ಪರಿಶೀಲಿಸಿದರು. ಸಂಸ್ಕೃತದಿಂದ ಕನ್ನಡಕ್ಕೆ ಪದಗಳು ಬಂದುದನ್ನು ಎಲ್ಲರೂ ಬಲ್ಲರು. ದ್ರಾವಿಡ ನುಡಿಗಳಿಂದ ಸಂಸ್ಕೃತವೂ ಪದಗಳನ್ನು ಪಡೆದಿದೆಯೆಂಬುದನ್ನು ಕಿಟ್ಟೆಲ್ಲರು 1872ರಲ್ಲಿಯೇ ಲೇಖನವೊಂದರಲ್ಲಿ ಪ್ರತಿಪಾದಿಸಿದ್ದರು.

1877ರಲ್ಲಿ ಅವರು ಸಂಸಾರ ಸಮೇತರಾಗಿ ಜರ್ಮನಿಗೆ ಮರಳಿದರು. ಕೆಲಸವನ್ನು ಅಲ್ಲಿಯೇ ಕುಳಿತು ಮುಗಿಸಬಹುದಾಗಿತ್ತು. ಆದರೆ ಪುಸ್ತಕದಲ್ಲಿ ಸಿಕ್ಕದ ಪದಕ್ಕೆ, ಸಂದೇಹ ಬಂದ ಅರ್ಥಕ್ಕೆ ಅಲ್ಲಿ ಯಾರನ್ನು ಕೇಳುವುದು? ಐವತ್ತು ದಾಟಿದ ವಯಸ್ಸಿನಲ್ಲಿ, 1883ರ ಸುಮಾರಿಗೆ, ಹೆಂಡತಿ ಮಕ್ಕಳನ್ನು ಸ್ವದೇಶದಲ್ಲಿಯೇ ಬಿಟ್ಟು, ಕಿಟ್ಟೆಲ್ಲರು ಒಬ್ಬರೇ ಹಡಗು ಹತ್ತಿ ಕನ್ನಡ ನಾಡಿಗೆ ಬಂದರು. ಬಂದವರು ಎಂಟೊಂಬತ್ತು ವರ್ಷ ಉಳಿದರು. ಇಲ್ಲಿನ ಪಂಡಿತರೊಡನೆ ಕುಳಿತು ಪದಗಳನ್ನು ಒರೆಗೆ ಹಚ್ಚಿದರು. ಹೊಟ್ಟೆಪಾಡಿಗಾಗಿ ಮನೆಮಂದಿಯನ್ನು ಊರಿನಲ್ಲಿ ಬಿಟ್ಟು ಬಂದು ಈ ನಗರದ ಕೋಣೆಗಳಲ್ಲಿ ವರ್ಷಗಟ್ಟಲೆ ಕಳೆದವರು ನಮ್ಮ ಹಿರಿಯರಲ್ಲಿ ಅನೇಕರಿದ್ದಾರೆ. ಆ ಅಗಲಿಕೆಯ ಭಾರವೆಂಥದೆಂದು ನಿಮ್ಮ ಮನೆಗಳಲ್ಲಿ ಹೇಳಬಲ್ಲವರುಂಟು. ಕಿಟ್ಟೆಲ್ಲರು ಆ ಭಾರವನ್ನು ಹೊತ್ತುದು ಧನಕ್ಕಾಗಿಯಲ್ಲ. ತಮ್ಮದಲ್ಲದ ಒಂದು ಭಾಷೆಯ ಪದಗಳಿಗಾಗಿ.

1892ರಲ್ಲಿ ಅವರು ಜರ್ಮನಿಗೆ ಹಿಂದಿರುಗಿ ಟ್ಯೂಬಿಂಗನ್ ನಗರದಲ್ಲಿ ನೆಲಸಿದರು. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ನಿನವರಿಂದ ಕನ್ನಡ–ಇಂಗ್ಲಿಷ್ ನಿಘಂಟು ಪ್ರಕಟವಾಯಿತು. 1,700ಕ್ಕೂ ಹೆಚ್ಚು ಪುಟಗಳು. ಸುಮಾರು 70,000 ಪದಗಳು. 1896ರಲ್ಲಿ ಟ್ಯೂಬಿಂಗನ್ ವಿಶ್ವವಿದ್ಯಾಲಯವು ಅವರಿಗೆ ಗೌರವ ಡಾಕ್ಟರೇಟ್ ಪದವಿಯನ್ನು ನೀಡಿ ಸನ್ಮಾನಿಸಿತು.

ಅರುವತ್ತು ದಾಟಿದ ವಿದ್ವಾಂಸನು ಇನ್ನು ವಿಶ್ರಾಂತಿ ಪಡೆದಿದ್ದರೆ ಯಾರೂ ಆಕ್ಷೇಪಿಸುತ್ತಿರಲಿಲ್ಲ. ಆದರೆ ಪದಗಳನ್ನು ಕೂಡಿಸಿದುದರಿಂದಲೇ ಭಾಷೆಯ ಋಣ ತೀರಿತೆಂದು ಅವರು ಭಾವಿಸಲಿಲ್ಲ. ಪದಗಳು ಒಂದರೊಡನೊಂದು ಹೇಗೆ ಸೇರುತ್ತವೆ ಎಂಬುದನ್ನು ಹೇಳುವ ವ್ಯಾಕರಣವೂ ಬೇಕಾಗಿತ್ತು. ಕೇಶಿರಾಜನ ಗ್ರಂಥವನ್ನು ತಳಹದಿಯಾಗಿಟ್ಟುಕೊಂಡು ಹಳಗನ್ನಡ, ನಡುಗನ್ನಡ, ಹೊಸಗನ್ನಡ ಎಂಬ ಮೂರು ಅವಸ್ಥೆಗಳನ್ನೂ ಒಳಗೊಂಡ ಕನ್ನಡ ವ್ಯಾಕರಣವನ್ನು ಅವರು ಇಂಗ್ಲಿಷಿನಲ್ಲಿ ರಚಿಸಿದರು. ಅದು 1903ರಲ್ಲಿ ಮಂಗಳೂರಿನಲ್ಲಿ ಪ್ರಕಟವಾಯಿತು. ಅದೇ ವರ್ಷದ ಡಿಸೆಂಬರ್ ತಿಂಗಳಲ್ಲಿ ಟ್ಯೂಬಿಂಗನ್ನಿನಲ್ಲಿ ಕಿಟ್ಟೆಲ್ಲರು ಕೊನೆಯುಸಿರೆಳೆದರು. ಆಗ ಅವರಿಗೆ ಎಪ್ಪತ್ತೊಂದು ವರ್ಷ.

ಅವರು ಹಾಕಿದ ತಳಹದಿಯ ಮೇಲೆ ಮುಂದಿನವರು ಕಟ್ಟಡವನ್ನು ಏರಿಸಿದರು. ಕನ್ನಡ ಸಾಹಿತ್ಯ ಪರಿಷತ್ತಿನ ಬೃಹತ್ ನಿಘಂಟು 1970ರಿಂದ 1995ರವರೆಗೆ ಎಂಟು ಸಂಪುಟಗಳಲ್ಲಿ ಹೊರಬಂದಿತು. ಆದರೂ ಕಿಟ್ಟೆಲ್ ಕೋಶವು ಮೂಲೆಗೆ ಬಿದ್ದಿಲ್ಲ. ಇಂದಿಗೂ ಮರುಮುದ್ರಣಗೊಂಡು ಬಳಕೆಯಲ್ಲಿದೆ. ಧಾರವಾಡದಲ್ಲಿ ಅವರ ಹೆಸರಿನ ಕಾಲೇಜು ಇದೆ. ಬೆಂಗಳೂರಿನಲ್ಲಿ ಅವರ ಪ್ರತಿಮೆಯನ್ನು ನಿಲ್ಲಿಸಿದ್ದಾರೆ.

ಪ್ರಿಯ ವಿದ್ಯಾರ್ಥಿಗಳೇ, ಪ್ರತಿಮೆಗೆ ಹಾರ ಹಾಕಲು ನಾವು ಬೆಂಗಳೂರಿಗೆ ಹೋಗಬೇಕಾಗಿಲ್ಲ. ಕಿಟ್ಟೆಲ್ಲರು ಊರೂರು ಅಲೆದು ಕೇಳಿದ ಕನ್ನಡಗಳೆಲ್ಲ ನಮ್ಮ ಈ ಶಾಲೆಯ ಒಂದೇ ಕೊಠಡಿಯಲ್ಲಿ ಕೇಳಿಬರುತ್ತಿವೆ. ವಿಜಯಪುರ, ಧಾರವಾಡ ಕಡೆಯ ಮನೆಗಳಲ್ಲಿ ಮಾಡಾಕ ಹತ್ಯಾನ ಎನ್ನುತ್ತಾರೆ. ಅಲ್ಲಿ ತೊಡಗು ಎಂಬ ಅರ್ಥದ ಹತ್ತು ಧಾತುವು ಸಹಾಯಕವಾಗಿದೆ. ಉಡುಪಿ, ಮಂಗಳೂರು, ಕಾಸರಗೋಡು ಕಡೆಯವರು ಮಾಡಲಿಕ್ಕುಂಟು ಎನ್ನುತ್ತಾರೆ. ಅಲ್ಲಿ ಉಂಟು ಸಹಾಯಕ. ಮೈಸೂರು, ಹಾಸನ ಕಡೆಯವರ ಮಾಡ್ತಿದ್ದಾನೆ ಎಂಬಲ್ಲಿ ಇರು ಸಹಾಯಕ. ಒಬ್ಬರ ಮಾತನ್ನು ಕೇಳಿ ಇನ್ನೊಬ್ಬರು ನಗುವುದು ಸಲ್ಲದು. ಪರೀಕ್ಷೆಯ ಉತ್ತರವನ್ನು ಗ್ರಾಂಥಿಕ ಭಾಷೆಯಲ್ಲಿ ಬರೆಯಿರಿ. ಆದರೆ ಮನೆಯ ಮಾತು ತಪ್ಪೆಂದು ತಿಳಿಯಬೇಡಿರಿ. ಅದಕ್ಕೂ ಒಂದು ವ್ಯಾಕರಣವಿದೆ. ಬಿಡಿಸಿ ನೋಡುವವನಿಗೆ ಅದು ಕಾಣುತ್ತದೆ.

ಇನ್ನೂ ಒಂದು ಮಾತು. ಮನೆಯಿಂದ ಹೊರಗೆ ಕಾಲಿಟ್ಟೊಡನೆ ನೀವು ಮರಾಠಿಯನ್ನೂ ಹಿಂದಿಯನ್ನೂ ಕೇಳುತ್ತೀರಿ. ಕನ್ನಡದ ಮಾಡಿಕೋ ಎಂಬುದಕ್ಕೆ ಮರಾಠಿಯವರು ಕರೂನ್ ಘೇ ಎನ್ನುತ್ತಾರೆ, ಹಿಂದಿಯವರು ಕರ್ ಲೇ ಎನ್ನುತ್ತಾರೆ. ಕೊಳ್ಳು, ಘೇ, ಲೇ ಇವು ಮೂರಕ್ಕೂ ತೆಗೆದುಕೊ ಎಂಬುದೇ ಮೂಲಾರ್ಥ. ಮಾಡಿ ನೋಡು ಎಂಬುದಕ್ಕೆ ಮರಾಠಿಯಲ್ಲಿ ಕರೂನ್ ಬಘ್, ಹಿಂದಿಯಲ್ಲಿ ಕರ್ ಕೇ ದೇಖ್. ಅಲ್ಲಿಯೂ ನೋಡುವ ಕ್ರಿಯೆಯೇ ಪ್ರಯತ್ನವನ್ನು ಸೂಚಿಸುತ್ತದೆ. ಕನ್ನಡವು ದ್ರಾವಿಡ ಕುಲದ್ದು, ಮರಾಠಿ ಹಿಂದಿಗಳು ಬೇರೆ ಕುಲದವು. ಆದರೂ ಶತಮಾನಗಳ ಕಾಲ ನೆರೆಹೊರೆಯಲ್ಲಿ ಬಾಳಿದ ಈ ಭಾಷೆಗಳು ವಾಕ್ಯ ಕಟ್ಟುವ ರೀತಿಯಲ್ಲಿ ಒಂದನ್ನೊಂದು ಹೋಲುತ್ತವೆ. ಮೂರು ಭಾಷೆಗಳ ನಡುವೆ ಬೆಳೆಯುವುದರಿಂದ ಕನ್ನಡ ಕೆಡುವುದೆಂದು ಅಂಜುವವರುಂಟು. ಆದರೆ ಒಂದರ ಪಕ್ಕದಲ್ಲಿ ಇನ್ನೊಂದನ್ನು ಇಟ್ಟು ನೋಡುವ ಅವಕಾಶ ನಿಮಗಿರುವಷ್ಟು ಊರಿನ ಮಕ್ಕಳಿಗೆ ಇಲ್ಲ. ಕಿಟ್ಟೆಲ್ಲರು ಮಾಡಿದುದೂ ಇದನ್ನೇ.

ಆದುದರಿಂದ ಒಂದು ಚಿಕ್ಕ ನೋಟುಪುಸ್ತಕವನ್ನು ಇಟ್ಟುಕೊಳ್ಳಿರಿ. ಅಜ್ಜಿಯ ಬಾಯಿಂದ ಬಂದ ಹೊಸ ಪದವನ್ನು, ಅಪರೂಪದ ಗಾದೆಯನ್ನು ಅದರಲ್ಲಿ ಬರೆದಿಡಿರಿ. ಒಂದು ಕ್ರಿಯಾಪದವು ಉದ್ದವಾಗಿ ಕಂಡರೆ ಅಂಜದೆ ಬಿಡಿಸಿ, ಮುಖ್ಯವಾವುದು, ಸಹಾಯಕವಾವುದು ಎಂದು ಗುರುತಿಸಿರಿ. ವಾರಕ್ಕೆ ಐದು ಪದಗಳಂತೆ ಬರೆದಿಟ್ಟರೂ ವರ್ಷದ ಕೊನೆಗೆ ಇನ್ನೂರೈವತ್ತಕ್ಕೂ ಹೆಚ್ಚು ಪದಗಳು ನಿಮ್ಮವಾಗುತ್ತವೆ. ಕಿಟ್ಟೆಲ್ಲರ ಎಪ್ಪತ್ತು ಸಾವಿರವೂ ಒಂದೊಂದಾಗಿಯೇ ಕೂಡಿದುದು.